ಶುಕ್ರವಾರ ಹತ್ತೂವರೆ

ಭದ್ರಾವತಿಯ ಹಳೇನಗರದಲ್ಲಿ ನಾನು ಮೂವತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು. ಕಲಿತು ಹೋದವರ ಹೆಸರು ಮರೆತುಹೋಗುತ್ತವೆ, ಬೆರಳು ಮರೆಯುವುದಿಲ್ಲ. ಉಮಾಮಹೇಶ್ವರಿ ಪಿಯುಸಿ ಮುಗಿಸಿಕೊಂಡು 1986ರಲ್ಲಿ ನನ್ನ ಹತ್ತಿರ ಬಂದಳು. ಕೀಲಿ ನೋಡದೆ ಟೈಪ್ ಮಾಡಲಿ ಅಂತ ನಾನು ಮಕ್ಕಳ ಕೈಮೇಲೆ ಕರ್ಚೀಫು ಹಾಸುತ್ತಿದ್ದೆ. ಉಳಿದವರೆಲ್ಲ ಕರ್ಚೀಫಿನ ಅಂಚೆತ್ತಿ ಕದ್ದು ನೋಡುವವರೇ. ಇವಳೊಬ್ಬಳು ನೋಡುತ್ತಿರಲಿಲ್ಲ. ಬೇಡ ಅಂದದ್ದನ್ನು ಮಾಡುವುದಿಲ್ಲ, ಮಾಡು ಅಂದದ್ದನ್ನು ಬಿಡುವುದಿಲ್ಲ, ಅಂಥ ಹುಡುಗಿ. ಎಲ್ಲರೆದುರು ಅವಳನ್ನು ಹೊಗಳಿದ್ದೆ. ಆಗ ನನಗೂ ಅಷ್ಟೇ ಬುದ್ಧಿ ಇದ್ದದ್ದು.

ಶಾರ್ಟ್‌ಹ್ಯಾಂಡ್ ಸೀನಿಯರ್ ಮುಗಿಸಿದ ಮೇಲೆ ಅವಳಿಗೆ ಶಿವಮೊಗ್ಗದ ದಾರಿಯಲ್ಲಿರುವ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಸ್ಟೆನೋ ಕೆಲಸ ಸಿಕ್ಕಿತು. ಯಜಮಾನರು ಓಂಕಾರಪ್ಪ. ಒಳ್ಳೆಯ ಮನುಷ್ಯ, ಆದರೆ ಗಡಿಯಾರಕ್ಕಿಂತ ಪಂಚಾಂಗವನ್ನು ಹೆಚ್ಚು ನಂಬಿದವರು. ಹೊಸ ವರ್ಷದ ಡೈರಿ ಬಂದ ಕೂಡಲೇ ಅದನ್ನು ಉಮಾಳ ಮುಂದೆ ಇಡುತ್ತಿದ್ದರು. ಒಂದೊಂದು ಪುಟದಲ್ಲೂ ಅವತ್ತಿನ ರಾಹುಕಾಲದ ಒಂದೂವರೆ ಗಂಟೆಯನ್ನು ಅವಳು ಪೆನ್ಸಿಲಿನಿಂದ ಹೊಡೆದುಹಾಕಬೇಕು. ಆ ಹೊತ್ತಿಗೆ ಯಾರನ್ನೂ ಬರಹೇಳುವಂತಿಲ್ಲ, ಲಾರಿಗೆ ಮಾಲು ಹೇರುವಂತಿಲ್ಲ, ಒಂದು ಕಾಗದಕ್ಕೆ ಸಹಿ ಕೂಡ ಇಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು, ಹೀಗೆ ವಾರದ ಲೆಕ್ಕವೆಲ್ಲ ಅವಳಿಗೆ ಬಾಯಿಪಾಠ. ಹದಿನೇಳು ವರ್ಷ ಗೀಟು ಎಳೆದಳು.

ಅವಳ ಗಂಡ ಜ್ಞಾನೇಶ್ ಶಿವಮೊಗ್ಗದ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾತುಗಾರ. ನನ್ನನ್ನು ಕಂಡರೆ "ಮೇಡಂ, ಇವಳಿಗೆ ಟೈಪಿಂಗ್ ಕಲ್ಸಿದ್ರಿ ಸರಿ, ಸ್ವಲ್ಪ ಜಗಳ ಆಡೋದನ್ನೂ ಕಲಿಸ್ಬಾರ್ದಾಗಿತ್ತಾ?" ಅನ್ನುವವನು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವನ ತಾಯಿ ಶಕುಂತಲಮ್ಮ ಸೇರಿ ಮೂರೇ ಜನ. ಅವನಿಗೆ ಸ್ವಂತ ಅಂಗಡಿ ಹಾಕುವ ಆಸೆ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮಳಿಗೆ ಗೊತ್ತಾಗಿತ್ತು, ಕರಾರು ಪತ್ರವೂ ತಯಾರಾಗಿತ್ತು. 2005ರ ನವೆಂಬರಿನ ಒಂದು ಶುಕ್ರವಾರ ಅದಕ್ಕೆ ಸಹಿ ಹಾಕಲು ಬೈಕಿನಲ್ಲಿ ಹೊರಟವನಿಗೆ ಮಾಚೇನಹಳ್ಳಿಯ ಹತ್ತಿರ ಲಾರಿ ಹೊಡೆಯಿತು. ಮಧ್ಯಾಹ್ನ ಹನ್ನೆರಡೂವರೆ. ಆಸ್ಪತ್ರೆಗೆ ಒಯ್ಯುವಷ್ಟೂ ಉಳಿದಿರಲಿಲ್ಲ.

ಉಮಾ ಅಳಲಿಲ್ಲ. ನಮ್ಮ ಜನಕ್ಕೋ, ಗಂಡ ಸತ್ತವಳು ಅಳದಿದ್ದರೆ ತಿಂದ ಅನ್ನ ಅರಗುವುದಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಬಂದವರು ಊಟ ಮಾಡುತ್ತಲೇ ಅವಳ ಮುಖ ನೋಡುತ್ತಿದ್ದರು. ಒಬ್ಬಾಕೆಯಂತೂ "ಒಂದ್ಸಲ ಅತ್ತುಬಿಡು, ಹಗುರ ಆಗ್ತದೆ" ಅಂತ ಭುಜ ಹಿಡಿದು ಅಲ್ಲಾಡಿಸಿದಳು. ನನಗೆ ಸಿಟ್ಟು ಬಂದು, "ಪಾಯಸ ಆರ್ತಾ ಇದೆ, ನೀವು ಮೊದ್ಲು ಅದನ್ನ ನೋಡ್ಕೊಳ್ಳಿ" ಅಂದೆ. ಆಮೇಲೆ ನಾನೇ ಗುಟ್ಟಾಗಿ ಕೇಳಿದೆ, "ಹೇಗಿದೀಯ ಉಮಾ?"

"ಏನೂ ಅನ್ನಿಸ್ತಿಲ್ಲ ಮೇಡಂ. ಹಲ್ಲು ಕೀಳೋಕೆ ಮುಂಚೆ ವಸಡಿಗೆ ಸೂಜಿ ಕೊಡ್ತಾರಲ್ಲ, ಹಾಗಿದೆ."

ಆ ಸೂಜಿಯ ಮಂಪರು ಇಳಿಯಲೇ ಇಲ್ಲ. ಒಂದು ತಿಂಗಳ ಮೇಲೆ ಕೆಲಸಕ್ಕೆ ಹೊರಟಳು. ಫೌಂಡ್ರಿ ಇರುವುದು ಆ ಜಾಗ ದಾಟಿದ ಮೇಲೆ. ಬಸ್ಸು ಹತ್ತಿದಳು, ಅದಕ್ಕೆ ಮುಂಚಿನ ಸ್ಟಾಪಿನಲ್ಲಿ ಇಳಿದಳು, ನಡೆದುಕೊಂಡು ಮನೆಗೆ ಬಂದಳು. ಮರುದಿನವೂ ಹಾಗೆಯೇ. ಕೂಗಲಿಲ್ಲ, ತಲೆ ತಿರುಗಲಿಲ್ಲ. ಯಾಕೆ ಇಳಿದೆ ಅಂತ ಕೇಳಿದರೆ "ಕಾಲು ಇಳೀತು" ಅಂದಳು, ಅಷ್ಟೇ. ಮೂರನೆಯ ದಿನ ಓಂಕಾರಪ್ಪನವರಿಗೆ ರಾಜೀನಾಮೆ ಕಳಿಸಿದಳು. ಅಂಚು ಬಿಟ್ಟು, ಸಾಲು ಬಿಟ್ಟು, ಒಂದು ತಪ್ಪಿಲ್ಲದೆ ಟೈಪ್ ಮಾಡಿದ ಕಾಗದ.

ಅವಳ ಅಣ್ಣ ವಿಜಯಕುಮಾರ್ ಸವಳಂಗ ರಸ್ತೆಯಲ್ಲೇ ಮನೆ ಕಟ್ಟಿಸಿದ್ದ. ಕೆಟ್ಟವನಲ್ಲ. ಆದರೆ ಬೇರೆಯವರ ಬದುಕನ್ನು ಸರಿಮಾಡುವ ಚಪಲ ಅವನಿಗೆ. ಆರು ತಿಂಗಳು ಇವಳ ಮನೆ ಬಾಡಿಗೆ ತಾನೇ ಕಟ್ಟಿ ನೋಡಿದ. ಒಂದು ದಿನ ನನ್ನೆದುರಿಗೇ ಹೇಳಿದ.

"ನೋಡು ಉಮಾ, ಕೂತು ಉಂಡ್ರೆ ಕುಡಿಕೆ ಹೊನ್ನೂ ಸಾಲಲ್ಲ. ನಮ್ಮನೆ ಮಹಡಿ ಮೇಲಿನ ರೂಮು ಖಾಲಿ ಇದೆ, ಬಂದುಬಿಡು. ನಿಮ್ಮ ಅತ್ತೇನ ಹರಿಹರಕ್ಕೆ ಅವರ ಮಗಳ ಮನೆಗೆ ಕಳಿಸೋಣ. ದೀಪಾವಳಿ ಹೊತ್ತಿಗೆ ಈ ಮನೆ ಬಿಟ್ಟುಬಿಡು."

ಶಕುಂತಲಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದರು. ಎಪ್ಪತ್ತನಾಲ್ಕು ವಯಸ್ಸು, ಒಂದು ಕಣ್ಣು ಮಂಜು. ಹರಿಹರದಲ್ಲಿ ಅಳಿಯ ಅವರ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಮೊರದ ಸದ್ದು ನಿಂತಿತು.

"ಅತ್ತೆ ನನ್ನ ಜೊತೇಲೆ ಇರ್ತಾರೆ ಅಣ್ಣ" ಅಂದಳು ಉಮಾ. ದನಿಯಲ್ಲಿ ಸಿಟ್ಟೂ ಇಲ್ಲ, ಬೇಡಿಕೆಯೂ ಇಲ್ಲ.

"ಹಂಗಾದ್ರೆ ದೀಪಾವಳಿ ಒಳಗೆ ಏನಾದ್ರೂ ಒಂದು ಕೆಲಸ ಹುಡುಕು. ಸಿಗದಿದ್ರೆ ನಾನು ಹೇಳಿದ್ದೇ."

ಆ ರಸ್ತೆ ದಾಟಲಾರದವಳಿಗೆ ಭದ್ರಾವತಿಯಲ್ಲಿ ಯಾವ ಕೆಲಸ? ಆ ವರ್ಷಗಳಲ್ಲಿ ನಮ್ಮೂರಲ್ಲಿ ಕಾರ್ಖಾನೆ ಕೆಲಸದಲ್ಲಿದ್ದವರೇ ವಿಆರ್‌ಎಸ್ ತಗೊಂಡು ಮನೆಗೆ ಬರುತ್ತಿದ್ದರು. ಹೀಗಿರುವಾಗ ಪೇಪರಿನ ಭಾನುವಾರದ ಪುರವಣಿಯಲ್ಲಿ ನಾನೊಂದು ಲೇಖನ ಓದಿದೆ. ನಮ್ಮೂರಲ್ಲೇ ಕೂತು, ಇಂಟರ್‌ನೆಟ್ ಮೂಲಕ, ಎಲ್ಲೋ ಇರುವ ಯಜಮಾನನಿಗೆ ಸೆಕ್ರೆಟರಿ ಕೆಲಸ ಮಾಡುವುದಂತೆ. ಅವನ ಕಾಗದಪತ್ರ, ಅವನ ಡೈರಿ, ಅವನ ಗಿರಾಕಿಗಳಿಗೆ ಉತ್ತರ. ಅಂಥವರಿಗೆ ವರ್ಚುವಲ್ ಅಸಿಸ್ಟೆಂಟ್ ಅಂತ ಹೆಸರು. ಯಾರ ಹತ್ತಿರವೂ ನೌಕರಿಗಿಲ್ಲ, ಕೆಲಸ ಹಿಡಿದಷ್ಟು ದಿನ ಕೆಲಸ. ನನ್ನ ಹತ್ತಿರ ಎರಡು ಕಂಪ್ಯೂಟರ್ ಇದ್ದವು, ಬ್ರಾಡ್‌ಬ್ಯಾಂಡ್ ಹಾಕಿಸಿ ಮೂರು ತಿಂಗಳಾಗಿತ್ತು. ಬೆಳಗಿನ ಬ್ಯಾಚ್ ಒಂಬತ್ತಕ್ಕೆ ಮುಗಿದರೆ ಸಂಜೆ ಐದರವರೆಗೆ ಕೋಣೆ ಖಾಲಿ.

"ಬಸ್ಸು ಹತ್ತೋ ಹಾಗಿಲ್ಲ ಮಾರಾಯ್ತಿ, ಮುಖ ತೋರಿಸೋ ಹಾಗಿಲ್ಲ. ನಿನಗೆ ಹೇಳಿ ಮಾಡಿಸಿದ ಕೆಲಸ" ಅಂದೆ. ಅವಳು "ಸರಿ ಮೇಡಂ" ಅಂದಳು. ಬಾವಿಗೆ ಹಾರು ಅಂದಿದ್ದರೂ ಆಗ ಹಾಗೇ ಅನ್ನುತ್ತಿದ್ದಳೋ ಏನೋ.

ಅಂಥ ಕೆಲಸ ಕೊಡಿಸುವ ಒಂದು ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕಿತ್ತು. ಫೋಟೋ ಬೇಕು ಅಂದರು. ಸ್ಟುಡಿಯೋದವನು "ಸ್ವಲ್ಪ ನಗಿ ಅಕ್ಕ" ಅಂದನಂತೆ. ಫೋಟೋದಲ್ಲಿ ಅವಳು ನಕ್ಕಿಲ್ಲ. ಕೊನೆಗೆ, ನಿಮ್ಮ ಬಗ್ಗೆ ನೀವೇ ಬರೆಯಿರಿ ಅಂತ ಒಂದು ಖಾಲಿ ಜಾಗ. ಅದರ ಮುಂದೆ ಒಂದು ಗಂಟೆ ಕೂತಳು. ನಿಮಿಷಕ್ಕೆ ಅರವತ್ತು ಪದ ಹೊಡೆಯುವ ಬೆರಳು ಅಲುಗಲಿಲ್ಲ. ಹದಿನೇಳು ವರ್ಷ ಅವಳು ಬರೆದದ್ದೆಲ್ಲ ಯಜಮಾನರ ಮಾತು. ಕಾಗದದ ತಳದಲ್ಲಿ ಎಡಗಡೆಗೆ ಯಜಮಾನರ ಹೆಸರಿನ ದೊಡ್ಡಕ್ಷರ, ಒಂದು ಓರೆಗೀಟು, ಅದರಾಚೆ ಟೈಪ್ ಮಾಡಿದವಳ ಚಿಕ್ಕಕ್ಷರ. ಅಲ್ಲಿ ಬಿಟ್ಟರೆ ಇನ್ನೆಲ್ಲೂ ಅವಳು ಇಲ್ಲ.

"ನಾನು ಅಂತ ಶುರುಮಾಡೇ" ಅಂತ ಗದರಿದೆ.

"ಆಮೇಲೆ ಏನ್ ಬರೀಲಿ ಮೇಡಂ?"

ನಾನೇ ಹೇಳಿ ಬರೆಸಿದೆ. ಟೈಪಿಂಗ್, ಶಾರ್ಟ್‌ಹ್ಯಾಂಡ್, ಪತ್ರವ್ಯವಹಾರ, ಡೈರಿ ನಿರ್ವಹಣೆ. ಕೆಲಸ ಕೇಳಿ ಬರೆದ ಪತ್ರಗಳೂ ನಾನು ಕಲಿಸಿದ ಹಳೆಯ ಧಾಟಿಯವೇ: ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ದಯಾಪರ ಗಮನಕ್ಕೆ. ಜೂನ್ ಹೋಯಿತು, ಜುಲೈ ಹೋಯಿತು. ಇಪ್ಪತ್ತಾರು ಪತ್ರ ಹೋದವು, ಒಂದಕ್ಕೂ ಉತ್ತರವಿಲ್ಲ. ದಿನಾ ಬೆಳಿಗ್ಗೆ ಬಂದು ಕಂಪ್ಯೂಟರಿನಲ್ಲಿ ಈಮೇಲ್ ಪೆಟ್ಟಿಗೆ ತೆರೆದು ನೋಡಿ ಮುಚ್ಚುತ್ತಿದ್ದಳು. ಬೇಜಾರೂ ಇಲ್ಲ. ನನಗೇ ತಡೆಯಲಾರದೆ ಆ ವೆಬ್‌ಸೈಟಿನವರಿಗೆ ನಾಲ್ಕು ಬೈದೆ, ಅವರಿಗೇನು ಕೇಳಿಸಬೇಕು.

ಆಗಸ್ಟಿನಲ್ಲಿ ಇಪ್ಪತ್ತೇಳನೆಯದಕ್ಕೆ ಉತ್ತರ ಬಂತು. ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಹ್ಯೂಸ್ ಅನ್ನುವವನು. ಕಸುಬು ಮನೆಮನೆಯ ಚಿಮಣಿ ಗುಡಿಸುವುದು! ಕಾರ್ಖಾನೆ ಚಿಮಣಿಗಳ ಹೊಗೆ ಕುಡಿದೇ ಬೆಳೆದ ಊರು ನಮ್ಮದು. ಮನೆ ಚಿಮಣಿ ಗುಡಿಸುವುದಕ್ಕೊಬ್ಬ, ಅವನಿಗೊಬ್ಬಳು ಸೆಕ್ರೆಟರಿ ಅಂದರೆ ನನಗೆ ನಗು ತಡೆಯಲಿಲ್ಲ. ಬಂದ ಅರ್ಜಿಗಳಲ್ಲಿ ತಪ್ಪಿಲ್ಲದೆ ಬರೆದದ್ದು ನಿಮ್ಮದೊಂದೇ, ದೊಡ್ಡ ದೊಡ್ಡ ಭರವಸೆ ಕೊಡದಿದ್ದದ್ದೂ ನಿಮ್ಮದೊಂದೇ ಅಂತ ಬರೆದಿದ್ದ. ಅವನು ಇಡೀ ದಿನ ವ್ಯಾನಿನಲ್ಲಿ ಸುತ್ತುವವನು, ಮೈಯೆಲ್ಲ ಮಸಿ, ಗಿರಾಕಿಗಳ ಪತ್ರಕ್ಕೆ ಉತ್ತರಿಸಲು ಪುರುಸೊತ್ತಿಲ್ಲ. ಬಂದ ಪತ್ರ ಓದಿ, ಯಾರ ಮನೆಗೆ ಯಾವ ದಿನ ಎಷ್ಟು ಹೊತ್ತಿಗೆ ಅಂತ ಗೊತ್ತುಮಾಡಿ, ಗಿರಾಕಿಗೆ ತಿಳಿಸಿ, ಅವನಿಗೆ ಆ ದಿನದ ಪಟ್ಟಿ ಕಳಿಸಬೇಕು.

ನಮಗೆ ಬೆಳಿಗ್ಗೆ ಹತ್ತಾದಾಗ ಅಲ್ಲಿ ಇನ್ನೂ ಐದೂವರೆ. ಅವನು ಏಳುವಷ್ಟರಲ್ಲಿ ಪಟ್ಟಿ ಸಿದ್ಧವಿರುತ್ತಿತ್ತು. ಮೊದಲ ವಾರ ಪತ್ರಗಳ ತಳದಲ್ಲಿ ಹಳೇ ಅಭ್ಯಾಸದಂತೆ ದೊಡ್ಡಕ್ಷರ, ಗೀಟು, ಚಿಕ್ಕಕ್ಷರ ಹಾಕಿದ್ದಳು. ಇದೇನು ಅಂತ ಹ್ಯೂಸ್ ಕೇಳಿದ ಮೇಲೆ ಬಿಟ್ಟಳು. ಮತ್ಯಾವುದಕ್ಕೂ ತಕರಾರು ಬರಲಿಲ್ಲ. ತಿಂಗಳ ಕೊನೆಗೆ ಬ್ಯಾಂಕಿಗೆ ಹಣ ಬಂತು, ಮನೆ ಬಾಡಿಗೆ ಮತ್ತು ಅತ್ತೆಯ ಕಣ್ಣಿನ ಔಷಧಕ್ಕೆ ಸಾಕಾಗುವಷ್ಟು. ವಿಜಯಕುಮಾರ್ ಮಾತ್ರ ನಂಬಲಿಲ್ಲ. "ಕಾಣದೇ ಇರೋ ಯಜಮಾನ, ಎಷ್ಟು ದಿನ? ದೀಪಾವಳಿ ಬರ್ಲಿ ನೋಡೋಣ" ಅಂದ.

ಅವಳ ಕೆಲಸದ ಕ್ರಮ ಹೇಗಿತ್ತೆಂದರೆ, ಮೊದಲು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ದಿನದ ಪುಟ ಹಾಕಿಕೊಂಡು ಹೊತ್ತು ಬರೆದುಕೊಳ್ಳುವುದು, ಆಮೇಲೆ ಕಂಪ್ಯೂಟರಿಗೆ. ಒಂದು ದಿನ ಹಿಂದಿನಿಂದ ಹೋಗಿ ನೋಡಿದೆ. ಪ್ರತಿ ಪುಟದಲ್ಲೂ ಪೆನ್ಸಿಲ್ ಗೀಟು.

"ಇದೇನೇ, ರಾಹು ಅಲ್ಲೀವರೆಗೂ ಹೋಗ್ತಾನಾ?"

"ಅವರ ಟೈಮಿಗೇ ಹಾಕಿದೀನಿ ಮೇಡಂ" ಅಂದಳು, ತಲೆಯೆತ್ತದೆ. "ಬೇಕು ಅಂತ ಅಲ್ಲ. ಕೈ ತಾನಾಗೇ ಎಳೀತದೆ."

ನಾನು ನಕ್ಕು, ರಾಹುಕಾಲ ಆಯಾ ಊರಿನ ಸೂರ್ಯೋದಯದ ಮೇಲೆ ಹೋಗುತ್ತದೆ, ಅಲ್ಲಿನ ಸೂರ್ಯನಿಗೆ ನಿಯತ್ತಿಲ್ಲ, ಲೆಕ್ಕ ಸರಿಯಾಗಿ ಮಾಡು ಅಂತ ತಮಾಷೆ ಮಾಡಿದೆ. ನಿಲ್ಲಿಸು ಅಂತ ಹೇಳಲಿಲ್ಲ. ಹೇಗೆ ಹೇಳಲಿ? ನಾನೂ ಹೊಸ ಬ್ಯಾಚ್ ಶುರುಮಾಡುವಾಗ ಗೋಡೆ ಕ್ಯಾಲೆಂಡರ್ ನೋಡುವವಳೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಅಕ್ಟೋಬರ್ ಬಂತು. ಚಳಿಗೆ ಮನೆಯೊಳಗೆ ಬೆಂಕಿ ಹಾಕುವುದಕ್ಕೆ ಮುಂಚೆ ಎಲ್ಲರಿಗೂ ಚಿಮಣಿ ಗುಡಿಸಿಸಬೇಕು, ಹ್ಯೂಸನಿಗೆ ಕೆಲಸವೋ ಕೆಲಸ. ದೀಪಾವಳಿಗೆ ಎರಡು ವಾರ ಇರುವಾಗ ಒಂದು ಸೋಮವಾರ ಅವನ ಪತ್ರ ಬಂತು. ಉಮಾ ಓದಿ, ಕುರ್ಚಿ ಸರಿಸಿ, ನಾನೂ ಓದಲಿ ಅಂತ ಜಾಗ ಬಿಟ್ಟಳು.

ದಿನವೂ ಒಂದೂವರೆ ಗಂಟೆ ಕೆಲಸವಿಲ್ಲದೆ ವ್ಯಾನಿನಲ್ಲಿ ಕೂತಿರುತ್ತೇನೆ, ಅದೂ ಒಂದೊಂದು ದಿನ ಒಂದೊಂದು ಹೊತ್ತಿಗೆ ಅಂತ ಬರೆದಿದ್ದ. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೇ ಬೇಕು ಅಂದ ಒಬ್ಬ ಮುದುಕಿಯನ್ನು ಮೂರು ಸಲ ಮುಂದಕ್ಕೆ ಹಾಕಿದ್ದೀರಿ, ಆಕೆಗೆ ಬೇರೆ ಹೊತ್ತು ಆಗುವುದಿಲ್ಲ. ಇದು ಕಂಪ್ಯೂಟರಿನ ದೋಷವೋ, ನಿಮ್ಮದೋ? ನಾಳೆಯೊಳಗೆ ತಿಳಿಸಿ. ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ.

"ಕಂಪ್ಯೂಟರ್ ಕೆಟ್ಟಿತ್ತು, ರಿಪೇರಿ ಆಯ್ತು ಅಂತ ಬರಿ" ಅಂದೆ ನಾನು. "ಕಂಪ್ಯೂಟರ್ ಏನು ಬಂದು ಸಾಕ್ಷಿ ಹೇಳತ್ತಾ? ಬರಿ ಬೇಗ. ಈ ಕೆಲಸ ಹೋದ್ರೆ ನಿಮ್ಮತ್ತೆ ಹರಿಹರದ ಬಸ್ಸು ಹತ್ತಬೇಕಾಗತ್ತೆ, ನೆನಪಿರ್ಲಿ."

ಅವಳು ಕುರ್ಚಿ ಎಳೆದುಕೊಂಡು ಬೆರಳನ್ನು ಕೀಲಿಗಳ ಮೇಲಿಟ್ಟಳು. ಆಮೇಲೆ ಟೈಪ್ ಮಾಡಿದಳು. ಮಾನ್ಯರೇ ಇಲ್ಲ, ಮೇಲ್ಕಂಡ ವಿಷಯ ಇಲ್ಲ. ಅವಳ ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು. ನಾನು ಹಿಂದೆ ನಿಂತು ಓದಿದೆ.

ಇದು ನನ್ನ ತಪ್ಪು, ಕಂಪ್ಯೂಟರಿನದಲ್ಲ. ನಮ್ಮಲ್ಲಿ ದಿನಕ್ಕೆ ಒಂದೂವರೆ ಗಂಟೆಯನ್ನು ಕೆಟ್ಟದ್ದೆಂದು ಬಿಡುತ್ತೇವೆ. ಹನ್ನೊಂದು ತಿಂಗಳ ಹಿಂದೆ ಒಂದು ಶುಕ್ರವಾರ ನನ್ನ ಗಂಡ ಹತ್ತೂವರೆಗೆ ಹೊರಟು ನಿಂತಿದ್ದರು. ಅವರು ಇದನ್ನೆಲ್ಲ ನಂಬುತ್ತಿರಲಿಲ್ಲ. ಅವತ್ತು ನಾನು ರಜೆ ಹಾಕಿ ಮನೆಯಲ್ಲಿದ್ದೆ, ಹನ್ನೆರಡು ಕಳೆಯಲಿ ಅಂತ ಹೇಳಿದೆ. ನಾನು ಹೇಳಿದೆನೆಂದು ಬೂಟು ಬಿಚ್ಚಿ ಕೂತರು. ಹನ್ನೆರಡು ಕಳೆದ ಮೇಲೆ ಹೋದರು, ದಾರಿಯಲ್ಲಿ ತೀರಿಕೊಂಡರು. ಆದರೂ ನನ್ನ ಕೈ ಆ ಹೊತ್ತಿಗೆ ನಿಮ್ಮನ್ನು ಕಳಿಸಲು ಒಪ್ಪುತ್ತಿಲ್ಲ. ಈ ಶುಕ್ರವಾರ ಹತ್ತೂವರೆಗೆ ಆ ಅಜ್ಜಿಯ ಹೆಸರು ಹಾಕುತ್ತೇನೆ.

ಕೆಳಗೆ ಚಿಕ್ಕಕ್ಷರವಲ್ಲ, ಪೂರ್ತಿ ಹೆಸರು, ಉಮಾಮಹೇಶ್ವರಿ.

ಅಲ್ಲಿಯವರೆಗೆ ಇದು ನನಗೆ ಗೊತ್ತಿರಲಿಲ್ಲ. ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ. ರಾಹು ಅಲ್ಲೀವರೆಗೂ ಹೋಗ್ತಾನಾ ಅಂತ ನಕ್ಕಿದ್ದೆನಲ್ಲ, ಆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಮನೇಲಿ ಯಾರಿಗೆ ಗೊತ್ತು ಇದು?"

"ಅತ್ತೆ ಅಲ್ಲೇ ಕೂತಿದ್ರು ಅವತ್ತು. ಒಂದಿನವೂ ಆ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ."

ಮರುದಿನ ಹ್ಯೂಸನ ಉತ್ತರ ಮೂರೇ ಸಾಲು. ನಿಮ್ಮ ಗಂಡನ ವಿಷಯ ತಿಳಿದು ಬೇಸರವಾಯಿತು. ಶುಕ್ರವಾರದ ಹೊತ್ತಿಗೆ ಒಪ್ಪಿಗೆ. ಉಳಿದ ದಿನಗಳನ್ನೂ ತುಂಬಿಸಿ. ಬಿಳಿಯರು ಮಾತು ಬೆಳೆಸುವವರಲ್ಲ. ನನಗೆ ಅದೇ ಒಳ್ಳೆಯದೆನಿಸಿತು.

ಆ ಶುಕ್ರವಾರ ಉಮಾ ಬೆಳಗಿನ ಕೆಲಸ ಮುಗಿಸಿ ಮನೆಗೆ ಹೋದವಳು ಮತ್ತೆ ಮೂರು ಗಂಟೆಗೆ ಬಂದಳು. ಅವರ ಹತ್ತೂವರೆ ಅಂದರೆ ನಮ್ಮ ಮಧ್ಯಾಹ್ನ ಮೂರು. ಕೆಲಸ ಏನೂ ಇರಲಿಲ್ಲ. ಕಂಪ್ಯೂಟರ್ ಹಚ್ಚಿ, ಪತ್ರದ ಪೆಟ್ಟಿಗೆ ತೆರೆದು ಅದರ ಮುಂದೆ ಕೂತಳು. ಹ್ಯೂಸ್ ಶುಕ್ರವಾರ ಊಟಕ್ಕೆ ಮನೆಗೆ ಬಂದು ಮುಗಿದ ಕೆಲಸಗಳ ವಿವರ ಕಳಿಸುವುದು ರೂಢಿ. ಮೂರೂವರೆಯಾಯಿತು. ನಾನು ಕಾಫಿ ಕೊಟ್ಟೆ, ಲೋಟದಲ್ಲೇ ಆರಿತು. ನಾಲ್ಕಕ್ಕೆ ನೋಡಿದರೆ ಅವಳು ಆ ಪೆಟ್ಟಿಗೆಯನ್ನು ಮುಚ್ಚುವುದು, ಮತ್ತೆ ತೆರೆಯುವುದು ಮಾಡುತ್ತಿದ್ದಳು. ಅಷ್ಟು ತಿಂಗಳಲ್ಲಿ ಅವಳಿಗೆ ಯಾವುದಕ್ಕಾದರೂ ಆತುರವಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏಣಿ ಹತ್ತೋ ಕೆಲಸ ಮೇಡಂ ಅವರದ್ದು. ಸೂರಿನ ಮೇಲೆ ನಿಲ್ಬೇಕು" ಅಂದಳು.

ನಾಲ್ಕೂಕಾಲಿಗೆ ಬಾಗಿಲಲ್ಲಿ ಕೋಲು ಊರುವ ಸದ್ದಾಯಿತು. ಶಕುಂತಲಮ್ಮ. ಮಂಜುಗಣ್ಣಿನಲ್ಲಿ ಎರಡು ಬೀದಿ ಒಬ್ಬರೇ ದಾಟಿ ಬಂದಿದ್ದರು. ಬಂದವರೇ ಬೆಂಚಿನ ಮೇಲೆ ಕೂತು "ಬಂತಾ?" ಅಂದರು. ಮನೆಯಲ್ಲಿ ಉಮಾ ಹೇಳಿದ್ದಳೆಂದು ಆಗ ತಿಳಿಯಿತು.

ನಾಲ್ಕೂ ಮುಕ್ಕಾಲಿಗೆ ಬಂತು. ಉಮಾ ಮೊದಲು ಸುಮ್ಮನೆ ಓದಿಕೊಂಡಳು, ಆಮೇಲೆ ಅತ್ತೆಗಾಗಿ ಕನ್ನಡದಲ್ಲಿ ಹೇಳಿದಳು. ಅಜ್ಜಿಯ ಮನೆ ಮುಗಿಯಿತು. ಚಿಮಣಿಯೊಳಗೆ ದೊಡ್ಡ ಹಕ್ಕಿಗೂಡು ಇತ್ತು, ಮೂರು ಚೀಲ ಕಡ್ಡಿ ತೆಗೆದೆ. ಅಜ್ಜಿ ಕೇಕ್ ಕೊಟ್ಟಳು. ಮುಂದಿನ ಶುಕ್ರವಾರ ಅದೇ ಹೊತ್ತಿಗೆ ಆಕೆಯ ಪಕ್ಕದ ಮನೆಯವರನ್ನು ಹಾಕಿ.

"ಸದ್ಯ! ಗೆದ್ದೆ ಕಣೇ" ಅಂತ ನಾನು ಕೈ ತಟ್ಟಿದೆ. ಕೆಲಸ ಉಳಿಯಿತು, ಮನೆ ಉಳಿಯಿತು, ವಿಜಯಕುಮಾರನಿಗೆ ದೀಪಾವಳಿಗೆ ಹೋಳಿಗೆ ತಿಂದು ಹೋಗು ಅಂತ ಹೇಳಬಹುದು ಅಂತ ನನ್ನ ಖುಷಿ ನನಗೆ.

ಉಮಾ ನನ್ನ ಕಡೆ ತಿರುಗಿದಳು. "ಏನೂ ಆಗ್ಲಿಲ್ಲ ಮೇಡಂ ಅವರಿಗೆ. ಹತ್ತೂವರೆಗೇ ಹೋದ್ರು, ಏನೂ ಆಗ್ಲಿಲ್ಲ." ಮತ್ತೆ ಅಂದಳು, "ಹಾಗಾದ್ರೆ ಅವತ್ತು ಇವರೂ ಹತ್ತೂವರೆಗೇ ಹೋಗಿದ್ರೆ ಆಗ್ತಿತ್ತಲ್ಲ."

ತಟ್ಟಿದ ಕೈಯನ್ನು ನಾನು ಕೆಳಗಿಳಿಸಿದೆ.

ಶಕುಂತಲಮ್ಮ ಕೋಲನ್ನು ಗೋಡೆಗೆ ಒರಗಿಸಿದರು. "ನೀನು ಹೇಳಿದ್ದಕ್ಕೆ ಅಲ್ಲ ಅವನು ಕೂತಿದ್ದು" ಅಂದರು. "ಸಣ್ಣೋನಿದ್ದಾಗಿಂದ ರಾಹುಕಾಲ ನೋಡ್ದೆ ಹೊಸ್ಲು ದಾಟ್ತಿರ್ಲಿಲ್ಲ. ನಾನೇ ಕಲಿಸಿದ್ದು. ನೀನು ಬಾಯಿ ಬಿಡದಿದ್ರೂ ಕೂರ್ತಿದ್ದ."

ಜ್ಞಾನೇಶ್ ರಾಹುಕಾಲ ನೋಡುವವನೇ? ಮದುವೆಯಾದ ವರ್ಷ ಹೊಸ ಬೈಕನ್ನು ಅಮಾವಾಸ್ಯೆಯ ದಿನವೇ ಮನೆಗೆ ತಂದು ತಾಯಿಯ ಕೈಲಿ ಬೈಸಿಕೊಂಡವನು ಅವನು. ಊರಿಗೆಲ್ಲ ಗೊತ್ತಿರುವ ಸಂಗತಿ. ಆ ಮುದುಕಿ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಸತ್ತ ಮಗನ ಹೆಸರಿನಲ್ಲಿ, ನಮ್ಮಿಬ್ಬರ ಎದುರು ಕೂತು ಹಸಿ ಸುಳ್ಳು ಹೇಳುತ್ತಿದ್ದರು. ಸುಳ್ಳೆಂದು ಉಮಾಳಿಗೂ ಗೊತ್ತು. ಅವಳಿಗೆ ಗೊತ್ತಿದೆಯೆಂದು ಅವರಿಗೂ ಗೊತ್ತು.

"ಹೌದಾ ಅತ್ತೆ?" ಅಂದಳು ಉಮಾ.

"ಹೂಂ ಮತ್ತೆ."

ಆಗ ಅತ್ತಳು. ಕುರ್ಚಿಯಿಂದ ಇಳಿದು, ಅತ್ತೆಯ ಮೊಣಕಾಲಿಗೆ ಮುಖ ಒತ್ತಿ, ಬಾಯಿ ಮುಚ್ಚಿಕೊಳ್ಳದೆ ಅತ್ತಳು. ಐದರ ಬ್ಯಾಚಿನ ಹುಡುಗಿಯರು ಬಾಗಿಲಿಗೆ ಬಂದಿದ್ದರು. ಇವತ್ತು ಕ್ಲಾಸಿಲ್ಲ, ಹೋಗಿ ಅಂತ ಅವರನ್ನು ಹೊರಗಟ್ಟಿ ಬಾಗಿಲು ಹಾಕಿದೆ. ನನಗೂ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎಷ್ಟೋ ಹೊತ್ತಿನ ಮೇಲೆ ಉಮಾ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಗೆ ಬಂದಳು. ನೋಟ್‌ಬುಕ್ಕಿನಲ್ಲಿ ಮುಂದಿನ ಶುಕ್ರವಾರದ ಪುಟ ತೆಗೆದಳು. ಹತ್ತೂವರೆಯ ಸಾಲಿನ ಮೇಲೆ ವಾರದ ಹಿಂದೆಯೇ ಎಳೆದ ಗೀಟು ಇತ್ತು. ರಬ್ಬರ್ ತಗೊಂಡು ಉಜ್ಜಿದಳು. ಪೂರ್ತಿ ಹೋಗಲಿಲ್ಲ. ಅದರ ಮೇಲೆಯೇ ಪಕ್ಕದ ಮನೆಯವರ ಹೆಸರು ಬರೆದಳು.